ನಾಲೆ ಎಂಬಲ್ಲಿ ಹಳ್ಳ ಎಂದು ಓದಿಕೊಳ್ಳಿ

ಹೋದ ತಿಂಗಳು ಗೋರೆಗಾಂವಿನಲ್ಲಿ ನಮ್ಮ ಪ್ರೆಸ್ಸಿನ ಹಳೆಯ ಕಂಪೋಸಿಟರಿಗಾಗಿ ಒಂದು ಸಂತಾಪ ಸಭೆ ನಡೆಯಿತು. ಬಿಲ್ಡಿಂಗೊಂದರ ತಳಮಹಡಿಯ ಕೋಣೆ, ಹದಿನೆಂಟು ಜನ. ಮೂವರು ಮಾತಾಡಿದರು. ಮೂರನೆಯವರು ನನಗೆ ಪರಿಚಯವಿಲ್ಲದ ಸಜ್ಜನರು. ಅವರು ಹೀಗೆಂದರು: "ಜೀವಮಾನವಿಡೀ ಅಕ್ಷರ ಜೋಡಿಸಿದ ಕೈ ಅದು. ಆ ಕೈಯಿಂದ ಒಂದೇ ಒಂದು ತಪ್ಪಾಯಿತಂತೆ. ಆ ಒಂದು ತಪ್ಪಿಗೆ ಅವರ ಊರಿನ ನೀರೇ ಹೋಯಿತಂತೆ. ಆದರೂ ದೊಡ್ಡ ಮನುಷ್ಯ, ತಪ್ಪನ್ನು ಒಪ್ಪಿಕೊಂಡರು." ಕೂತವರು ತಲೆದೂಗಿದರು. ನನ್ನ ಕೈಯಲ್ಲಿದ್ದ ಚಹಾದ ಲೋಟ ವಾಲಿ ಸೀರೆಯ ಮೇಲೆ ಚೆಲ್ಲಿತು. ಪಕ್ಕದವರು ಕರವಸ್ತ್ರ ಕೊಟ್ಟರು.

ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇದೇ ಸತ್ಯವನ್ನು ಹಿಂದೆ ಒಮ್ಮೆ ಎದ್ದು ಹೋಗಿ ಹೇಳಿದ್ದೆ. ಅದರಿಂದ ಆದದ್ದನ್ನು ಕಣ್ಣಾರೆ ಕಂಡಿದ್ದೆ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಇನ್ನು ಇದರಿಂದ ಕೆಡುವುದು ಏನೂ ಉಳಿದಿಲ್ಲ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಲು ಯತ್ನಿಸುತ್ತೇನೆ. ಮೊದಲಿಗೆ ಒಂದು ಮಾತು: ಆ ತಪ್ಪು ಅವರದಲ್ಲ, ನನ್ನದು.

ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಬರೆದರೆ ಊರು ಗೊತ್ತಾಗುತ್ತದೆ, ಊರಿನಲ್ಲಿ ಅವರ ತಮ್ಮ ಇನ್ನೂ ಇದ್ದಾನೆ. ಪ್ರೆಸ್ಸಿನಲ್ಲಿ ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು.

ಪ್ರೆಸ್ಸು ದಾದರಿನಲ್ಲಿತ್ತು, ಹೂವಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಮಾಲೀಕರು ಮರಾಠಿಯವರು, ಶೇಟ್. ಮರಾಠಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳ ಜೊತೆಗೆ ಮುಂಬಯಿಯ ಕನ್ನಡಿಗರ ಕೆಲಸವನ್ನೂ ಹಿಡಿದಿದ್ದರು. ಅದಕ್ಕಾಗಿ ಎರಡು ಕೇಸು ಕನ್ನಡ ಅಚ್ಚುಮೊಳೆ, ಅವುಗಳ ಮುಂದೆ ನಿಲ್ಲಲು ಚಾಚಾ. ಅರವತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ ನಾನು ಅಲ್ಲಿಗೆ ಅನುವಾದ ಮತ್ತು ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ನಾನು ಉಡುಪಿಯ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಲ್ಲಿ ಲೋಕಲ್ ರೈಲಿನಲ್ಲಿ ಹಿಂದಿ, ಇಲ್ಲಿಗೆ ಬಂದ ಮೇಲೆ ಕಲಿತ ಮರಾಠಿ.

ಮೊದಲ ದಿನ ಅವರು ನನ್ನನ್ನು ನೋಡಿ, "ಬಾಯಾರ?" ಎಂದರು.

ನಾನು, "ಇಲ್ಲ, ಈಗ ನೀರು ಕುಡಿದೇ ಬಂದೆ" ಎಂದೆ.

ಅವರು ಒಂದು ಕ್ಷಣ ನೋಡಿ, ಕೈಯಲ್ಲಿದ್ದ ಮೊಳೆ ಕೆಳಗಿಟ್ಟು, ಗೋಡೆಗೆ ಒರಗಿ ನಗಲು ಶುರುಮಾಡಿದರು. ಅವರ ಕಡೆ ಓದಿದ ಹೆಂಗಸನ್ನು, ಟೀಚರನ್ನು, ಗೌರವದಿಂದ ಕರೆಯುವ ಮಾತು ಅದು. ಬಾಯಿ, ಬಾಯಾರು. ನನಗದು ಬಾಯಾರಿಕೆಯಾಗಿ ಕೇಳಿತ್ತು. "ಮಂಗಳೂರ ಕನ್ನಡಕ್ಕ ನೀರಡಿಕಿ ಇಲ್ಲಂತ ಶೇಟ್‌ಜಿ!" ಎಂದು ಒಳಗೆ ಕೂಗಿ ಹೇಳಿದರು. ಶೇಟರಿಗೆ ಕನ್ನಡ ತಿಳಿಯದು. "ಕಾಯ್ ಚಾಚಾ, ಝಾಲಂ ಕಾ?" ಎಂದು, ಕೆಲಸ ಮುಗಿಯಿತೇ ಎಂದಷ್ಟೇ ಕೇಳಿದರು. ಅವರು ದಿನವೂ ಕೇಳುತ್ತಿದ್ದ ಪ್ರಶ್ನೆ ಅದೊಂದೇ.

ಅಂದಿನಿಂದ ನಾನು ಬಾಯಾರಾದೆ.

ಅವರು ಗಿಡ್ಡ ಆಳು. ಕನ್ನಡಕದ ಒಂದು ಕಿವಿಗೆ ಕಡ್ಡಿ, ಇನ್ನೊಂದಕ್ಕೆ ದಾರ. ಎಡಗೈ ಹೆಬ್ಬೆರಳಿನ ಉಗುರು ಕಾಯಂ ಕಪ್ಪು. ಎಂಟು ಗಂಟೆ ನಿಂತೇ ಕೆಲಸ. ಕುರ್ಚಿ ಕೊಟ್ಟರೆ ಅದರ ಮೇಲೆ ಕಾಗದ ಇಡುತ್ತಿದ್ದರು. ಕೇಸಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ ಇರುತ್ತದೆ. ಙ ಅಕ್ಷರದ ಮನೆಯಲ್ಲಿ ಅವರು ಲವಂಗ ಇಟ್ಟಿದ್ದರು. ಯಾಕೆಂದು ಕೇಳಿದೆ. "ಈ ಖೋಲಿಗಿ ಬಾಡಗಿಗಿ ಯಾರೂ ಬರಂಗಿಲ್ರಿ ಬಾಯಾರ. ಮುಂಬೈದಾಗ ಖೋಲಿ ಖಾಲಿ ಬಿಟ್ರ ಪಾಪ ಬರ್ತದ."

ಅಚ್ಚುಮೊಳೆಯಲ್ಲಿ ಅಕ್ಷರ ತಿರುಗಿರುತ್ತದೆ, ಸಾಲೂ ತಿರುಗಿರುತ್ತದೆ. ಕಾಗದದ ಮೇಲಿನ ನೇರ ಅಕ್ಷರ ಓದುವಾಗ ಅವರು ತಡವರಿಸುತ್ತಿದ್ದರು, ಸೀಸದ ತಿರುಗುಮುರುಗು ಸಾಲನ್ನು ಸರಸರ ಓದುತ್ತಿದ್ದರು. "ಮೊಳಿ ಉಲ್ಟಾ ಇರಬೇಕು, ಮಾತು ಸೀದಾ ಇರಬೇಕು" ಎನ್ನುವುದು ಅವರ ಮಾತು. ಇನ್ನೊಂದು: "ಕೈಬರಹ ಸುಳ್ಳಾಗಬಹುದು, ಛಾಪಾ ಸುಳ್ಳಾಗಬಾರದು."

ಛಾಪಾ ಸುಳ್ಳಾಗಬಾರದೆಂದೇ ಅವರು ಕೈಬರಹವನ್ನು ತಿದ್ದುತ್ತಿದ್ದರು. ಹೇಳದೆ, ಕೇಳದೆ. ಬಹುಪಾಲು ಸರಿಯಾಗಿಯೇ ತಿದ್ದುತ್ತಿದ್ದರು. ಒಮ್ಮೆ ಮಾತ್ರ ಮುಲುಂಡಿನಿಂದ ಒಬ್ಬ ತುಳುವರು ತಂದೆಯ ಉತ್ತರಕ್ರಿಯೆಯ ಕಾರ್ಡು ಮಾಡಿಸಲು ಬಂದರು. 'ತಂದೆಯವರ ಬೊಜ್ಜ' ಎಂದು ಬರೆದು ಕೊಟ್ಟಿದ್ದರು. ನಮ್ಮಲ್ಲಿ ಬೊಜ್ಜವೆಂದರೆ ಅದೇ. ಆ ವಾರ ನಾನು ರಜೆಯಲ್ಲಿದ್ದೆ. ಚಾಚಾ ಅದನ್ನು ಪಾಪ ಬರೆಯಲು ಬಾರದವನ ತಪ್ಪೆಂದು ತಿಳಿದು, 'ತಂದೆಯವರ ಭೋಜನ' ಎಂದು ಜೋಡಿಸಿಬಿಟ್ಟರು. ಕಾರ್ಡುಗಳು ಅಂಚೆಗೆ ಹೋದವು. ನಾನು ಮರಳಿದ ದಿನವೇ ಆ ಗೃಹಸ್ಥರು ಬಾಗಿಲಲ್ಲಿ ನಿಂತಿದ್ದರು. "ನಮ್ಮ ಅಪ್ಪ ಸತ್ತದ್ದು ಮಾರಾಯ್ರೆ, ಪಾರ್ಟಿ ಕೊಟ್ಟದ್ದಲ್ಲ! ನಿನ್ನೆ ಒಬ್ಬ ಗಿಫ್ಟ್ ತಗೊಂಡು ಬಂದ!"

ಚಾಚಾ ಅವರ ಕಾಲು ಹಿಡಿಯಲು ಹೋದರು. ಆ ಗೃಹಸ್ಥರು ಹಿಂದೆ ಸರಿದರು.

ಆ ಮಧ್ಯಾಹ್ನ ನಾನು ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಕಂಪೋಸಿಟರು ಹಸ್ತಪ್ರತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಜೋಡಿಸತಕ್ಕದ್ದು. ಸಂದೇಹವಿದ್ದರೆ ಕೇಳತಕ್ಕದ್ದು. ಪ್ರೂಫ್ ನೋಡಿದವರ ಮಾತೇ ಕೊನೆಯ ಮಾತು. ಚಾಚಾ ಅದನ್ನು ಎರಡು ಸಲ ಓದಿದರು. "ಬರೋಬ್ಬರ್ ಅದ" ಎಂದರು. ನಿಯಮ ಸರಿಯಾಗಿಯೇ ಇತ್ತು. ಈಗಲೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಅವರ ಊರು ಭೀಮಾ ನದಿಯ ಈಚೆ ದಂಡೆಯಲ್ಲಿ, ನದಿಯೊಳಗೆ ಹೋಗಿ ಬೀಳುವ ಒಂದು ಹಳ್ಳದ ಮಗ್ಗುಲಿಗಿತ್ತು. ರಾಜ್ಯಗಳನ್ನು ಭಾಷೆಯಂತೆ ಹಂಚಿದಾಗ ನದಿಯೇ ಗಡಿಯಾಯಿತು. ಆಚೆ ದಂಡೆ ಮೈಸೂರು ರಾಜ್ಯ, ಈಚೆ ದಂಡೆ ಮಹಾರಾಷ್ಟ್ರ. ಊರಿನ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಚಾಚಾ ಮನೆಯಲ್ಲಿ ದಖನಿ ಉರ್ದು, ಊರಿನವರೊಂದಿಗೆ ಕನ್ನಡ. ತಮ್ಮನೊಬ್ಬ ಊರಿನಲ್ಲೇ ಇದ್ದ. ಅವನೂ ಇನ್ನು ಹತ್ತಾರು ಮನೆಯವರೂ ಹಳ್ಳದ ದಂಡೆಗೆ ಎಣ್ಣೆಯ ಎಂಜಿನ್ ಇಟ್ಟು ನೀರೆತ್ತಿ ಉಳ್ಳಾಗಡ್ಡಿ, ಗೋದಿ ಬೆಳೆಯುತ್ತಿದ್ದರು. ಅದಕ್ಕೂ ಹಿಂದೆ ಅವರ ಅಪ್ಪ ಎತ್ತುಗಳಿಂದ ಎತ್ತುತ್ತಿದ್ದರು. "ನಮ್ಮಪ್ಪ ಸತ್ತಾಗ ಹೊಲ ಯಾರಿಗಿ ಅಂತ ಜಗಳ ಆಗಲಿಲ್ರಿ. ಹಳ್ಳದಾಗಿನ ಪಾಳಿ ಯಾರಿಗಿ ಅಂತ ಆತು" ಎಂದಿದ್ದರು ಒಮ್ಮೆ. ಆ ನೀರಿನ ಸರದಿಯನ್ನು ತಮ್ಮನಿಗೆ ಬಿಟ್ಟು ತಾವು ಮುಂಬಯಿಗೆ ಬಂದಿದ್ದರು.

ಆ ವರ್ಷಗಳಲ್ಲಿ ಮೂರು ರಾಜ್ಯಗಳು ಕೃಷ್ಣೆಯ ಮತ್ತು ಅದಕ್ಕೆ ಸೇರುವ ನದಿಗಳ ನೀರಿಗಾಗಿ ನ್ಯಾಯಮಂಡಳಿಯ ಮುಂದೆ ನಿಂತಿದ್ದವು. ಚಾಚಾ ಮರಾಠಿ ಪತ್ರಿಕೆಯನ್ನು ಕಲ್ಲಿನ ಮೇಜಿನ ಮೇಲೆ ಹರಡಿ ಆ ಸುದ್ದಿಯನ್ನಷ್ಟೇ ಓದುತ್ತಿದ್ದರು. ಅವರಿಗೆ ಅದರಲ್ಲಿ ಒಂದು ವಿಷಯ ಗಟ್ಟಿಯಾಗಿ ತಿಳಿದಿತ್ತು: ಈಗಾಗಲೇ ಬಳಸುತ್ತಿರುವ ನೀರಿಗೆ ಮೊದಲ ಮನ್ನಣೆ. ಯಾರು ಎಷ್ಟು ಬಳಸುತ್ತಿದ್ದಾರೆಂದು ಕಾಗದದಲ್ಲಿ ತೋರಿಸಬೇಕು. "ನೀರಿನ ಕಾಯ್ದಾದಾಗ ನೀರಡಿಸಿದವಗ ಜಾಗಾ ಇಲ್ರಿ. ಕುಡದವಗ ಮಾತ್ರ. ಅದೂ ಕುಡದೀನಿ ಅಂತ ಬರಸಿದ್ರ."

ಮುಂದೆ ರಾಜ್ಯದ ಶಾಸನಸಭೆ ನೀರಿನ ಕಾಯ್ದೆಯೊಂದನ್ನು ಮಾಡಿತು. ಕಾಯ್ದೆಯ ತಿರುಳು ಹೇಳಲು ಕಷ್ಟವಿಲ್ಲ. ಹರಿಯುವ ನೀರೆಲ್ಲ ಇನ್ನು ಸರಕಾರದ ಲೆಕ್ಕಕ್ಕೆ. ಹಿಂದಿನಿಂದ ನೀರೆತ್ತುತ್ತಿರುವವರು ಪ್ರಕಟಣೆಯಾದ ದಿನದಿಂದ ಗೊತ್ತಾದ ಅವಧಿಯೊಳಗೆ ಅರ್ಜಿ ಹಾಕಿ ತಮ್ಮ ಬಳಕೆಯನ್ನು ಬರೆಸಿಕೊಳ್ಳಬೇಕು. ಬರೆಸದಿದ್ದರೆ ಅದು ಬಳಕೆಯೇ ಅಲ್ಲ, ಎಂಜಿನ್ ನಿಲ್ಲಿಸಬೇಕು. ಗಡಿಯ ಕನ್ನಡ ಊರುಗಳ ಚಾವಡಿಗಳಲ್ಲಿ ಅಂಟಿಸಲು ಪ್ರಕಟಣೆಯ ಕನ್ನಡ ರೂಪ ಬೇಕಾಗಿತ್ತು. ಆ ಕೆಲಸ ನಮ್ಮ ಪ್ರೆಸ್ಸಿಗೆ ಬಂತು.

ಚಾಚಾ ಆ ದಿನ ಬಿಳಿ ಅಂಗಿ ಹಾಕಿ ಬಂದಿದ್ದರು. ಈದ್ ಬಿಟ್ಟರೆ ಅವರು ಪ್ರೆಸ್ಸಿಗೆ ಬಿಳಿ ಹಾಕಿದ್ದನ್ನು ನಾನು ಕಂಡದ್ದು ಅದೊಂದು ಸಲ. "ನಮ್ಮೂರ ಚಾವಡಿಗಿ ನನ್ನ ಕೈ ಹೋಗತದ" ಎಂದರು. ನಾನು ಅನುವಾದಕ್ಕೆ ಕೂತಿದ್ದಾಗ ಅವರು ಒಂದು ಸಣ್ಣ ತಗಡಿನ ಡಬ್ಬಿ ತಂದು ಕೇಸಿನ ಪಕ್ಕ ಇಟ್ಟುಕೊಂಡರು. ನಮ್ಮಲ್ಲಿ ಳ ಒತ್ತಿನ ಮೊಳೆ ಕಡಿಮೆ ಇತ್ತು, ಇದ್ದವೂ ಸವೆದಿದ್ದವು. ಅವರು ಎರಡು ಭಾನುವಾರ ಪರಿಚಯದ ಪ್ರೆಸ್ಸುಗಳನ್ನು ಸುತ್ತಿ ಒಳ್ಳೆಯ ಳ ಒತ್ತುಗಳನ್ನು ಕೇಳಿ ತಂದಿದ್ದರು. ಇಷ್ಟು ಯಾಕೆ ಎಂದು ಕೇಳಿದೆ. "ಹಳ್ಳ ಅನ್ನೂದು ಭಾಳ ಸರ್ತಿ ಬರ್ತದಲ್ರಿ. ಒತ್ತು ಸವದಿದ್ರ ಹಳ ಅಂತ ಓದ್ತಾರ."

ನಾನು ಆ ಮಾತನ್ನು ಕೇಳಿದೆ. ಕೇಳಿದ್ದೇನೆಂಬುದು ನನಗೆ ಚೆನ್ನಾಗಿ ನೆನಪಿದೆ.

ಮೂಲ ಮರಾಠಿಯಲ್ಲಿ ಇದ್ದ ಮಾತು 'ನದೀ, ನಾಲಾ'. ಮರಾಠಿ ರೈತನಿಗೆ ನಾಲಾ ಎಂದರೆ ತಾನಾಗಿ ಹರಿಯುವ ತೊರೆ. ನಾನು 'ನದಿ, ನಾಲೆ' ಎಂದು ಬರೆದೆ. ಉಚ್ಚಾರ ಹೆಚ್ಚುಕಡಿಮೆ ಒಂದೇ, ಬರೆಯುವುದೂ ಸುಲಭ.

ಗ್ಯಾಲಿ ಪ್ರೂಫ್ ಬಂದಾಗ ಅದರಲ್ಲಿ ಒಂಬತ್ತು ಕಡೆ 'ಹಳ್ಳ' ಇತ್ತು. ಳ ಒತ್ತು ಎಲ್ಲಾ ಕಡೆ ಕಪ್ಪಗೆ, ಚೂಪಾಗಿ ಬಿದ್ದಿತ್ತು.

"ಚಾಚಾ, ಇದೇನು? ನಾನು ಬರೆದದ್ದು ನಾಲೆ."

"ಹೌದ್ರಿ. ಕೇಳಾಕ ಬರವ ಇದ್ದೆ. ನಾಲೆ ಅಂದ್ರ ನಮ್ಮ ಮಂದಿ ಕೆನಾಲ್ ಅಂತ ತಿಳೀತಾರ."

"ಮೂಲದಲ್ಲಿ ನಾಲಾ ಉಂಟಲ್ಲ."

"ನಾಲಾ ಅಂದ್ರ ಇಲ್ಲಿ ಜೋಗೇಶ್ವರಿದಾಗ ನಮ್ಮ ಚಾಳಿನ ಹಿಂದ ನಾರತದ ನೋಡ್ರಿ, ಆ ಗಟಾರ. ಮರಾಠೀದಾಗ ಹಳ್ಳ. ನಿಮ್ಮ ಪುಸ್ತಕದ ಕನ್ನಡದಾಗ ಕೆನಾಲ್. ಮೂರೂ ಒಂದಽ ಹೆಂಗಾಗ್ತದ ಬಾಯಾರ?"

"ಹಳ್ಳ ಅಂದ್ರೆ ಹೊಂಡ ಅಂತಲೂ ಆಗ್ತದೆ ಮಾರಾಯ್ರೆ. ರಸ್ತೆಯಲ್ಲಿ ಹಳ್ಳ ಬಿದ್ದಿದೆ ಅನ್ನುವುದಿಲ್ವಾ? ಕಾನೂನಿನಲ್ಲಿ ಎರಡರ್ಥ ಇರಬಾರದು."

ನಾನು ಕೆಂಪು ಶಾಯಿಯಿಂದ ಒಂಬತ್ತು ಹಳ್ಳಗಳನ್ನೂ ಹೊಡೆದು ಬದಿಯಲ್ಲಿ ಒಂಬತ್ತು ಸಲ ನಾಲೆ ಎಂದು ಬರೆದೆ. ಪ್ರೂಫ್ ಕೊಟ್ಟಾಗ ಅವರು ಇನ್ನೊಮ್ಮೆ ಹೇಳಿದರು, ಮೆಲ್ಲಗೆ: "ನಮ್ಮೂರಾಗ ಕೆನಾಲ್ ಇಲ್ರಿ." ನಾನು ಗೋಡೆಯ ಮೇಲಿನ ನಿಯಮದತ್ತ ನೋಡಿದೆ. ಅವರೂ ನೋಡಿದರು. "ಖರೆ. ಭೋಜನ ಜೋಡಿಸಿದ ಕೈ ಇದು" ಎಂದು, ಒತ್ತುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿದರು.

ಸಂಬಂಧಪಟ್ಟ ಕಚೇರಿಯಲ್ಲಿ ಕನ್ನಡ ಓದುವವರು ಇರಲಿಲ್ಲ. ನನ್ನ ಕೆಂಪು ಶಾಯಿಯ ಪ್ರೂಫಿನ ಮೇಲೆಯೇ ಅವರು ಒಪ್ಪಿಗೆಯ ಶಿಕ್ಕಾ ಹೊಡೆದು ಕಳಿಸಿದರು. ಅದು ನಮ್ಮ ಫೈಲಿನಲ್ಲಿ ಉಳಿಯಿತು. ಪ್ರಕಟಣೆ ಅಚ್ಚಾಗಿ ಹೋಯಿತು.

ಚಾಚಾ ಅದೇ ವಾರ ತಮ್ಮನಿಗೆ ಕಾಗದ ಬರೆದರು: ನಾಲೆ ಎಂದು ಇರುವಲ್ಲಿ ಹಳ್ಳ ಎಂದು ತಿಳಿ, ಅರ್ಜಿ ಹಾಕು. ತಮ್ಮನ ಉತ್ತರವನ್ನು ಅವರು ಕೇಸಿನ ಮುಂದೆ ನಿಂತು ನನಗೆ ಓದಿ ಹೇಳಿದರು, ನಗುತ್ತಲೇ. "'ಸಾಲಿ ಮಾಸ್ತರು ಓದಿ ಹೇಳ್ಯಾರ ಭಾಯಿ, ಇದು ಕೆನಾಲಿನ ಕಾಯ್ದಾ. ನಮಗ ಸಂಬಂಧಿಲ್ಲ. ನೀನಽ ಅಂತಿದ್ದೆಲ್ಲ, ಕೈಬರಹ ಸುಳ್ಳಾಗಬಹುದು, ಛಾಪಾ ಸುಳ್ಳಾಗಬಾರದು ಅಂತ. ನಿನ್ನ ಕಾಗದ ಕೈಬರಹ, ಚಾವಡ್ಯಾಗಿಂದು ಛಾಪಾ.' ನೋಡ್ರಿ, ನನ್ನ ಮಾತು ನನಗಽ ಹೊಡದಾನ."

ನಾನೂ ನಕ್ಕೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದರೆ ನಕ್ಕದ್ದು ನಿಜ. ಆ ಹೊತ್ತಿಗೆ ಕಚೇರಿಗೆ ಹೋಗಿ ತಪ್ಪು ತಿದ್ದಿಸಿದ್ದರೆ ಅವಧಿ ಇನ್ನೂ ಇತ್ತು. ಅವರು ಎರಡನೆಯ ಕಾಗದ ಬರೆದರು. ಅದಕ್ಕೆ ಉತ್ತರ ಬರಲಿಲ್ಲ.

ಅವಧಿ ಮುಗಿದು ಕೆಲವು ವಾರಗಳ ಮೇಲೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಮೂವರು ಪ್ರೆಸ್ಸಿನೊಳಗೆ ಬಂದರು. ಧೋತರ, ರುಮಾಲು, ರಾತ್ರಿಯ ಗಾಡಿಯ ಮಸಿ. ಅವರಲ್ಲಿ ಕಿರಿಯವನು ಚಾಚಾರ ತಮ್ಮನೆಂದು ಮೂಗಿನಿಂದಲೇ ತಿಳಿಯಿತು. ಆತ ಮಡಿಸಿದ ಪ್ರಕಟಣೆಯನ್ನು ಕಲ್ಲಿನ ಮೇಜಿನ ಮೇಲೆ ಹರಡಿದ. ಅದರ ನಾಲ್ಕು ಮೂಲೆಗಳಲ್ಲಿ ಚಾವಡಿಯ ಗೋಡೆಯ ಸುಣ್ಣ ಇನ್ನೂ ಅಂಟಿತ್ತು.

"ಎಂಜಿನ್ನಿಗಿ ಸೀಲ್ ಹಾಕ್ಯಾರ" ಎಂದ. "ಹತ್ತೊಂಬತ್ತು ಎಂಜಿನ್. ಅರ್ಜಿ ಯಾಕ ಹಾಕಿಲ್ಲ ಅಂತ ಕೇಳಿದ್ರು. ಇದು ಕೆನಾಲಿನ ಕಾಯ್ದಾ ಅಲ್ಲೇನ್ರಿ ಅಂದ್ವಿ. ಮರಾಠಿ ಕಾಗದ ತಗದು ತೋರಿಸಿದ್ರು, ಹಳ್ಳ ಅಂತ ಅದ. ಕನ್ನಡದಾಗ ಇದು. ಯಾರು ಮಾಡಿದ್ದು ಭಾಯಿ ಇದನ್ನ?"

ನಾನು ಮೂರು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಪ್ರೂಫ್ ಹಿಡಿದು ನಿಂತಿದ್ದೆ. ಹತ್ತೊಂಬತ್ತು ಎಂಬ ಮಾತು ಮಾತ್ರ ತಲೆಯಲ್ಲಿ ತಿರುಗುತ್ತಿತ್ತು. ನಾನು ಒಂದು ಪದ ಬರೆದಿದ್ದೆ. ಒಂದು ಪದಕ್ಕೆ ಹತ್ತೊಂಬತ್ತು ಎಂಜಿನ್ ನಿಲ್ಲುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಚಾಚಾ ಕನ್ನಡಕ ತೆಗೆದು ಒರೆಸಿದರು. "ನಾನಽ ಜೋಡಿಸಿದ್ದು" ಎಂದರು.

"ಜೋಡಿಸಿದ್ದು ನೀನು ಅಂತ ಗೊತ್ತದ. ಬರದವ್ರು ಯಾರು?"

"ಬರದವ್ರು ಬರೋಬ್ಬರ್ ಬರದಿದ್ರು. ಹಳ್ಳ ಅಂತಽ ಇತ್ತು. ನನ್ನ ಕೈ ತಪ್ಪತು. ಳ ಒತ್ತು ಕಡಿಮಿ ಇತ್ತು, ಅದಕ್ಕ ನಾಲೆ ಹಾಕಿಬಿಟ್ಟೆ."

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗದೆಯೇ ಎಡಗೈಯನ್ನು ಬೆನ್ನ ಹಿಂದೆ ಒಯ್ದು, ಅಂಗೈ ಚಾಚಿ, ಬೇಡ ಎಂಬಂತೆ ಆಡಿಸಿದರು.

ಹಿರಿಯನೊಬ್ಬ, "ನಿನ್ನ ಊರಿನ ಹಳ್ಳ, ನಿನಗಽ ಕಡಿಮಿ ಬಿತ್ತೇನೋ?" ಎಂದ. ತಮ್ಮನು ಪ್ರಕಟಣೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಊರಿಗಿ ಬರಬ್ಯಾಡ ಭಾಯಿ. ಬಂದ್ರ ನಾ ಏನ ಮಾಡ್ತೀನೋ ನನಗಽ ಗೊತ್ತಿಲ್ಲ" ಎಂದ. ಚಾಚಾ ಅವರಿಗೆ ಚಹಾ ತರಿಸಿದ್ದರು. ಮೂರು ಲೋಟ ಕಲ್ಲಿನ ಮೇಲೆ ಹಾಗೆಯೇ ಆರಿದವು.

ಸಂಜೆ ಸ್ಟೇಶನ್ನಿನವರೆಗೆ ಒಟ್ಟಿಗೆ ನಡೆದೆವು. ಅವರು ಜೋಗೇಶ್ವರಿಗೆ, ನಾನು ಅದರ ಮುಂದಿನ ಗೋರೆಗಾಂವಿಗೆ. ಒಂದೇ ಲೋಕಲ್ಲಿನಲ್ಲಿ ಬೇರೆ ಬೇರೆ ಡಬ್ಬಿ. ಸೇತುವೆಯ ಮೇಲೆ ನಾನು ಅತ್ತೆ. "ಯಾಕೆ ಹಾಗೆ ಹೇಳಿದಿರಿ? ನಾಳೆಯೇ ನಾನು ಎಲ್ಲರ ಮುಂದೆ ಹೇಳ್ತೇನೆ" ಎಂದೆ.

ಅವರು ಗಾಬರಿಯಾದರು. ಸುತ್ತ ನೋಡಿ ತಗ್ಗಿದ ದನಿಯಲ್ಲಿ, "ಅಷ್ಟೊಂದು ಮಾಡಬ್ಯಾಡ್ರಿ. ಎರಡು ತಿಂಗಳ ಸುಮ್ಮಕಿರ್ರಿ. ಸುಮ್ಮಕಿರೂದೂ ಒಂದು ಕೆಲಸನಽ ಅದ ಬಾಯಾರ" ಎಂದರು. ಯಾಕೆಂದು ಹೇಳಲಿಲ್ಲ. ನಾನು ಅದನ್ನು ಕರುಣೆ ಎಂದು ತಿಳಿದೆ. ನನ್ನ ಕೆಲಸ ಉಳಿಯಲಿ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ಅವರ ಕರುಣೆ ದಿನದಿನಕ್ಕೆ ನನಗೆ ಸಹಿಸಲಾಗದಂತಾಯಿತು. ಅವರು ಎದುರಿಗೆ ನಿಂತು ಅಕ್ಷರ ಜೋಡಿಸುವ ಟಕ್‌ಟಕ್ ಸದ್ದು ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಆ ಬಕ್ರೀದಿಗೆ ಅವರು ಊರಿಗೆ ಹೋಗಲಿಲ್ಲ. "ಲೋಕಲ್ದಾಗ ಕುರಿ ಹಿಡಸಂಗಿಲ್ಲ" ಎಂದು ಚೇಷ್ಟೆ ಮಾಡಿದರು.

ಐದು ವಾರ ಸುಮ್ಮನಿದ್ದೆ. ಆರನೆಯ ವಾರದ ಮಂಗಳವಾರ ಊಟದ ಬಿಡುವಿನಲ್ಲಿ ಫೈಲಿನಿಂದ ಆ ಪ್ರೂಫನ್ನು ತೆಗೆದುಕೊಂಡು ಕಚೇರಿಗೆ ಹೋದೆ.

ಅಲ್ಲಿಯ ಅಧಿಕಾರಿ ವಯಸ್ಸಾದವರು, ಸೌಮ್ಯರು. ನಾನು ನಿಂತುಕೊಂಡೇ ಹೇಳಿದೆ: ಪ್ರಕಟಣೆಯಲ್ಲಿ ತಪ್ಪಾಗಿದೆ, ಅದು ಕಂಪೋಸಿಟರ ಕೈತಪ್ಪಲ್ಲ, ಅವರು ಸರಿಯಾಗಿಯೇ ಜೋಡಿಸಿದ್ದರು, ಹೊಡೆದು ತಿದ್ದಿದವಳು ನಾನು. ಪ್ರೂಫನ್ನು ಅವರ ಮುಂದೆ ಇಟ್ಟೆ. ನನಗೆ ಆಗ ತುಂಬ ಹಗುರವಾಗಿತ್ತು. ಆ ಹಗುರವೂ ನನಗೆ ನೆನಪಿದೆ.

ಅವರು ಪ್ರೂಫನ್ನು ನೋಡಿದರು. ಕೆಂಪು ಶಾಯಿಯನ್ನು ನೋಡಿದರು. ಕೆಳಗಿದ್ದ ತಮ್ಮದೇ ಶಿಕ್ಕಾದ ಮೇಲೆ ಬೆರಳಿಟ್ಟರು. "ಹೇ ತುಮ್ಹೀ ಕಾ ಆಣಲಂತ?" ಎಂದರು. ಇದನ್ನು ಯಾಕೆ ತಂದಿರಿ ಎಂದು. ಗದರಿಸುವ ದನಿಯಲ್ಲ. ಬೇಡಿಕೊಳ್ಳುವ ದನಿ.

ಮೇಜಿನ ಖಾನೆಯಿಂದ ಒಂದು ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಮೇಲಿನ ಹಾಳೆ ಚಾಚಾರದು. ತಡವರಿಸಿದ ನೇರ ಅಕ್ಷರದಲ್ಲಿ, ಮರಾಠಿಯಲ್ಲಿ: ಹಸ್ತಪ್ರತಿಯಲ್ಲಿ ಸರಿಯಾದ ಪದವಿದ್ದರೂ ನನ್ನ ಕೈತಪ್ಪಿನಿಂದ ಬೇರೆ ಪದ ಅಚ್ಚಾಗಿದೆ. ಕೆಳಗೆ ಸಹಿ, ಪಕ್ಕದಲ್ಲಿ ಶೇಟರ ಸಹಿ. ಅದರಡಿಯ ಹಾಳೆ ಟೈಪಾದ ಶುದ್ಧಿಪತ್ರ. ಮರಾಠಿಯಲ್ಲಿ ಒಂದು ಸಾಲು, ಕನ್ನಡದ ಸಾಲನ್ನು ಚಾಚಾರ ಕೈಯೇ 
ತುಂಬಿಸಿತ್ತು: 'ನಾಲೆ ಎಂಬಲ್ಲಿ ಹಳ್ಳ ಎಂದು ಓದಿಕೊಳ್ಳತಕ್ಕದ್ದು.' ಅರ್ಜಿಗೆ ಹೊಸ ಅವಧಿ ಕೊಡಲಾಗಿದೆ ಎಂದು ಮುಂದಿನ ಸಾಲು. ಸಹಿಯ ಜಾಗ ಖಾಲಿ.

ಅಧಿಕಾರಿ ನಿಧಾನವಾಗಿ ತಿಳಿಸಿ ಹೇಳಿದರು. ಅಚ್ಚಿನ ತಪ್ಪಾದರೆ ತಿದ್ದುವ ಅಧಿಕಾರ ಅವರ ಮೇಜಿಗೇ ಇತ್ತು. ಪ್ರೆಸ್ಸಿನವರು ಬರೆದು ಕೊಟ್ಟರೆ ಸಾಕು, ಶುದ್ಧಿಪತ್ರ ಹೊರಡಿಸಿ ಅವಧಿಯನ್ನು ಹೊಸದಾಗಿ ಎಣಿಸಬಹುದು. ಕಚೇರಿ ಒಪ್ಪಿ ಶಿಕ್ಕಾ ಹಾಕಿದ ಅನುವಾದವೇ ತಪ್ಪಾದರೆ ಅದು ಅಚ್ಚಿನ ತಪ್ಪಲ್ಲ. ಮೇಲಕ್ಕೆ ಹೋಗಬೇಕು. ಬಳಕೆಯ ಪಟ್ಟಿ ಆಗಲೇ ನ್ಯಾಯಮಂಡಳಿಯ ಮುಂದಿರುವ ರಾಜ್ಯದ ವಕೀಲರ ಕೈ ಸೇರಿದೆ, ಅದನ್ನು ಈಗ ಮೇಲಿನ ಯಾರೂ ಬಿಚ್ಚುವುದಿಲ್ಲ. "ನಾಳೆ ಸಹಿ ಮಾಡುವವನಿದ್ದೆ" ಎಂದರು. "ಇದನ್ನು ನೋಡಿದ ಮೇಲೆ ಹೇಗೆ ಮಾಡಲಿ?"

ನಾನು ಪ್ರೂಫನ್ನು ವಾಪಸು ಕೊಡಿ ಎಂದೆ. ನಾನು ಏನೂ ಹೇಳಿಲ್ಲ ಎಂದುಕೊಳ್ಳಿ ಎಂದೆ. ಅವರು ಪಕ್ಕದ ಮೇಜಿನ ಕಡೆ ಕಣ್ಣು ತಿರುಗಿಸಿದರು. ಅಲ್ಲಿ ಇಬ್ಬರು ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ನಾನು ಮೊದಲ ಮಾತನ್ನೇ ಎತ್ತರದ ದನಿಯಲ್ಲಿ ಆಡಿದ್ದೆ. ಎಲ್ಲರಿಗೂ ಕೇಳಲಿ ಎಂದೇ ಆಡಿದ್ದೆ.

ಪ್ರೆಸ್ಸಿಗೆ ಮರಳಿದಾಗ ನಾಲ್ಕು ಗಂಟೆ. ಚಾಚಾ ಒಂದು ಲಗ್ನಪತ್ರಿಕೆ ಜೋಡಿಸುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಹೇಗೆ ಹೇಳಿದೆನೋ ನೆನಪಿಲ್ಲ, ಹೇಳಿದೆ. ಅವರು ಕೈಯಲ್ಲಿದ್ದ ಮೊಳೆಯನ್ನು ಅದರ ಮನೆಗೆ ಹಾಕಿದರು. ಇನ್ನೊಂದನ್ನು ಎತ್ತಿಕೊಳ್ಳಲಿಲ್ಲ.

"ಯಾವಾಗ ಹೇಳಿದ್ರಿ?"

"ಈಗ. ಮಧ್ಯಾಹ್ನ."

"ನಾಳೆ ಹೇಳಿದ್ರ ನಡೀತಿತ್ತು" ಎಂದರು. ಮತ್ತೆ ತಮ್ಮಷ್ಟಕ್ಕೆ ಲೆಕ್ಕ ಹಾಕಿದಂತೆ, "ನನ್ನ ತಪ್ಪಂತ ಉಳದಿದ್ರ ನೀರು ಉಳೀತಿತ್ತು."

ನಾನು ನೆಲದ ಮೇಲೆ ಕುಳಿತೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಎದುರಿಗಿರುವುದನ್ನು ಓದಲಾಗದವರ ನೋಟ ಅದು. "ಹೇಳಿದ್ರ ನೀವೂ ಸುಳ್ಳಿನಾಗ ಪಾಲುದಾರ ಆಗ್ತಿದ್ರಿ. ನೀವು ಓದಿದ ಹೆಣ್ಮಗಳು. ಒಂದು ಸುಳ್ಳಿಗಿ ಒಂದು ಕೈ ಸಾಕಲ್ರಿ ಅಂತ ಮಾಡಿದ್ದೆ." ಒಳಗಿನಿಂದ ಶೇಟ್, "ಕಾಯ್ ಚಾಚಾ, ಝಾಲಂ ಕಾ?" ಎಂದರು. "ಝಾಲಂ ಶೇಟ್‌ಜಿ" ಎಂದು ಚಾಚಾ ಉತ್ತರ ಕೊಟ್ಟರು.

ಶುದ್ಧಿಪತ್ರ ಹೊರಡಲಿಲ್ಲ. ಊರಿಗೆ ಈ ಕಥೆ ಪೂರ್ತಿ ತಲುಪಲೇ ಇಲ್ಲ. ಚಾಚಾ ತಪ್ಪೊಪ್ಪಿ ಸಹಿ ಮಾಡಿದ್ದಾರೆ ಎಂಬ ಭಾಗ ಮಾತ್ರ ತಲುಪಿತು. ನಾನು ತಮ್ಮನಿಗೆ ಕಾಗದ ಬರೆಯುತ್ತೇನೆ ಎಂದಾಗ ಅವರು, "ಮತ್ತ ಖರೆ ಹೇಳ್ತೀರೇನ್ರಿ?" ಎಂದರು. ನಾನು ಬರೆಯಲಿಲ್ಲ. ಅವರು ಊರಿಗೆ ಹೋಗಲೂ ಇಲ್ಲ. ಜೋಗೇಶ್ವರಿಯ ಆ ಚಾಳಿನಲ್ಲೇ ತೀರಿಕೊಂಡರು, ಅಲ್ಲೇ ಮಣ್ಣು ಮಾಡಿದರು.

ನಾನು ಕೊನೆಗೆ ಬರೆಯಬೇಕಾದದ್ದು ಅದಕ್ಕೆ ಎರಡು ವರ್ಷ ಮೊದಲಿನದು. ಒಂದು ಬೆಳಗ್ಗೆ ಅವರು ಕೆಲಸ ಶುರುಮಾಡುವ ಮೊದಲು, ಊರಿನಿಂದ ಬಂದ ಯಾರೋ ತಂದ ಸುದ್ದಿ ಎಂದು ಹೇಳಿದರು: ತಮ್ಮನು ಎಂಜಿನ್ ಮಾರಿಬಿಟ್ಟ. ಸೀಲ್ ಹಾಕಿದ್ದನ್ನು ಯಾರು ಕೊಂಡರು ಎಂದು ಕೇಳಿದೆ.

"ಹೊಳಿ ಆಚಿ ದಂಡಿಯವ್ರು. ಅವ್ರದು ಈಗ ಕರ್ನಾಟಕ ಅಂತ ಆಗ್ಯದಲ್ರಿ, ಬ್ಯಾರೆ ಕಾಯ್ದಾ. ಅಲ್ಲಿ ನಡೀತದ." ಕನ್ನಡಕದ ದಾರವನ್ನು ಕಿವಿಗೆ ಸುತ್ತಿಕೊಂಡು, ನನ್ನ ಕೈಯಿಂದ ಹಸ್ತಪ್ರತಿ ತೆಗೆದುಕೊಂಡರು. "ನಮ್ಮ ಹಳ್ಳ ಹೋಗಿ ಬೀಳೂದು ಅದಽ ಹೊಳ್ಯಾಗ. ಎಂಜಿನ್ ಈಗೂ ಅದಽ ನೀರು ಎತ್ತತದ ಬಾಯಾರ. ಆಚಿ ದಂಡಿಗಿ ಕುಂತು."